ಪಾನಾ ಹಿಡಿಯುವ ಮೊದಲು ಸಪ್ಪಳ ಕೇಳಿ

ಎಲ್ಲರಿಗೂ ನಮಸ್ಕಾರ.

ನಮ್ಮ ಕಲಬುರಗಿ ಸೀಮೆಯಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ತೊಗರಿ ರಾಶಿ. ಕಾಳಿನ ಮಾರುಕಟ್ಟೆಯಾದ ಗಂಜ್‌ಗೆ ಮಾಲು ಒಯ್ಯಲು ಪ್ರತಿ ಸಲ ಬಾಡಿಗೆ ಗಾಡಿ ಹುಡುಕಿ ನನಗೆ ಸಾಕಾಗಿತ್ತು. ಅದಕ್ಕೇ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡೆ. ಟೈರ್ ನೋಡಿದೆ, ಚಾಸಿಗೆ ತುಕ್ಕು ಹಿಡಿದಿದೆಯಾ ನೋಡಿದೆ, ಕಾಗದಪತ್ರ ನೋಡಿದೆ. ಎಂಜಿನ್ ಚಾಲೂ ಮಾಡಿದಾಗ ಎಲ್ಲ ಸರಿಯಾಗೇ ಇತ್ತು. ಮರುದಿನ ನಸುಕಿನಲ್ಲಿ ಮನೆ ಮುಂದೆ ಕೀಲಿ ತಿರುವಿದರೆ, ಟಿಕ್ ಟಿಕ್ ಟಿಕ್. ಅವ್ವ ಅಂಗಳ ಗುಡಿಸುತ್ತಿದ್ದಳು. ಕಸಬರಿಗೆ ಹಿಡಿದೇ ನಿಂತು, "ಯಾಕೋ ತಮ್ಮಾ, ಹೊಲಿಗಿ ಮಷಿನ್ ತುಳಿದಂಗ ಸಪ್ಪಳ ಬರ್ತದಲ್ಲ" ಅಂದಳು.

ನಿನ್ನೆ ಇಲ್ಲದ ಸಪ್ಪಳ ಇವತ್ತು ಎಲ್ಲಿಂದ ಬಂತು? ನಿನ್ನೆಯೂ ಇತ್ತು. ನಾನು ನೋಡಲು ಹೋಗುವ ಮೊದಲೇ ಗಾಡಿ ಒಂದು ಸುತ್ತು ಓಡಿ ಬಿಸಿಯಾಗಿತ್ತು, ಅಷ್ಟೇ. ಬಾನೆಟ್ ಮೇಲೆ ಕೈಯಿಟ್ಟಿದ್ದರೆ ಗೊತ್ತಾಗುತ್ತಿತ್ತು. ಹಳೆ ಗಾಡಿ ಕೊಳ್ಳುವವರು ಇದೊಂದನ್ನು ಮರೆಯಬೇಡಿ. ರಾತ್ರಿಯಿಡೀ ನಿಂತ ಗಾಡಿಯನ್ನು, ತಣ್ಣಗಿರುವಾಗಲೇ, ನಿಮ್ಮ ಕೈಯಾರೆ ಚಾಲೂ ಮಾಡಿ ಕೇಳಿ.

ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಅರ್ಧ ನಿಮಿಷವೂ ಆಗಿರಲಿಲ್ಲ, "ಹೆಡ್ ಇಳಿಸಬೇಕು" ಅಂದರು. ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚುವ ಕೆಲಸ. ನನ್ನ ಎದೆ ಧಸಕ್ ಅಂತು. ಅಲ್ಲಿಂದ ಹುಮನಾಬಾದ್ ರಸ್ತೆಯ ಒಬ್ಬ ಹಿರಿಯ ಉಸ್ತಾದ್ ಹತ್ತಿರ ಹೋದೆ. ಅವರು ಪಾನಾ ಮುಟ್ಟಲೇ ಇಲ್ಲ. ಸುಮ್ನೆ ಕೇಳುತ್ತಾ ಹೋದರು. "ಸಪ್ಪಳ ತಣ್ಣಗಿದ್ದಾಗ ಬರ್ತದೋ, ಬಿಸಿ ಆದ ಮ್ಯಾಲೋ? ರೇಸ್ ಕೊಟ್ರ ಜೋರಾಗ್ತದೇನ್ರಿ? ಲೋಡ್ ಇದ್ದಾಗ ಹ್ಯಾಂಗ? ಕ್ಲಚ್ ತುಳಿದ್ರ ನಿಲ್ತದೇನು?" ಕಡೆಗೆ, "ಗಾಡಿ ಇಲ್ಲೇ ಬಿಡ್ರಿ ಅಣ್ಣಾ, ಮುಂಜಾನಿ ಆರಕ್ಕ ಬರ್ರಿ" ಅಂದರು.

ಬೆಳಿಗ್ಗೆ ಹೋದೆ. ಒಂದು ಉದ್ದ ಸ್ಕ್ರೂಡ್ರೈವರ್ ತಗೊಂಡು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್ ಮೇಲೆ ಒಂದೊಂದೇ ಕಡೆ ಇಡುತ್ತಾ ಬಂದರು. ಡಾಕ್ಟರು ಎದೆ ನೋಡಿದ ಹಾಗೆ. ಗಾಳಿ, ಹೊಗೆಗೆ ಬಾಗಿಲಿನಂತಿರುವ ವಾಲ್ವ್ ಇರುವ ಮೇಲ್ಭಾಗದಲ್ಲಿ ಸಣ್ಣ, ಸಮನಾದ ಸದ್ದು. ಅದು ಎಲ್ಲ ಎಂಜಿನ್‌ಗೂ ಇರುವಂಥದ್ದು. ಆಮೇಲೆ ಅದನ್ನು ಬಿಟ್ಟು ಒಂದು ಗಜದ ರಬ್ಬರ್ ಪೈಪ್ ತಗೊಂಡರು. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದಕ್ಕೂ. ಒಂದು ಕಡೆ ಕೈ ನಿಂತಿತು. ಪೈಪನ್ನು ನನ್ನ ಕಿವಿಗೆ ಹಿಡಿದರು. ಫಟ್ ಫಟ್ ಅಂತ ಗಾಳಿ ಉಗಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ, ಜೋಡಣೆಯ ಜಾಗದಲ್ಲಿ ಬೆರಳಗಲದ ಕಪ್ಪು ಮಸಿ. ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟಿತ್ತು, ಅದನ್ನು ಬಿಗಿಹಿಡಿಯುವ ಒಂದು ಸ್ಟಡ್ ಮುರಿದಿತ್ತು. ಹೊಗೆ ಅಲ್ಲಿಂದ ಸೋರುತ್ತಿತ್ತು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿತ್ತು, ಸಪ್ಪಳ ನಿಲ್ಲುತ್ತಿತ್ತು.

ಇಂಥ ಸೋರಿಕೆಯನ್ನು ಟ್ಯಾಪೆಟ್ ಸದ್ದು, ಅಂದರೆ ವಾಲ್ವ್ ಬಡಿಯುವ ಸದ್ದು, ಅಂತ ತಿಳಿಯುವುದಕ್ಕೂ ಕಾರಣ ಇದೆ. ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ವಾಲ್ವ್ ಒಮ್ಮೆ ತೆರೆಯುತ್ತದೆ. ಒಂದು ಸಿಲಿಂಡರ್ ಹೊಗೆ ಬಿಡುವುದೂ ಎರಡು ಸುತ್ತಿಗೆ ಒಮ್ಮೆಯೇ. ಗಾಡಿ ನಿಂತಲ್ಲೇ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಓಡುತ್ತಿದ್ದರೆ, ಎರಡೂ ನಿಮಿಷಕ್ಕೆ 400 ಸಲ ಬಡಿಯುತ್ತವೆ. ತಾಳ ಒಂದೇ. ಅದಕ್ಕೇ ಬರೀ ಕಿವಿ ಮೋಸ ಹೋಗುತ್ತದೆ, ಜಾಗ ಹುಡುಕಲೇಬೇಕು.

ಬೇರೆ ಸಪ್ಪಳಗಳಲ್ಲಿ ಹೆಚ್ಚಿನವು ಅಷ್ಟು ಹೆದರಿಸುವಂಥವಲ್ಲ. ಚಾಲೂ ಮಾಡಿದ ಕೂಡಲೇ ಕೀರ್ ಅಂತ ಕಿರುಚಿದರೆ ಬೆಲ್ಟ್ ಇರಬಹುದು. ದೂರದಿಂದ ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲ. ಕ್ಷಣ ನಿಂತು ಮತ್ತೆ ಶುರುವಾದರೆ ಪುಲ್ಲಿ ನೇರವಾಗಿಲ್ಲ. ಆದರೆ ಹೆಗಲ ಮೇಲಿನ ಟವಲ್ ತೆಗೆದಿಟ್ಟು ಬಗ್ಗಿ. ಬೆಲ್ಟ್ ಎಳೆದುಕೊಂಡರೆ ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ಕ್ಲಚ್ ತುಳಿದಾಗ ಮಾತ್ರ ಗರ್ ಅಂದರೆ ರಿಲೀಸ್ ಬೇರಿಂಗ್ ನೋಡಿಸಿ. ತುಳಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಬೇರಿಂಗ್.

ಒಂದು ಸಪ್ಪಳ ಮಾತ್ರ ಬೇರೆ. ಕೆಳಗಿನಿಂದ, ದಪ್ಪಗೆ, ಸುತ್ತಿಗೆ ಬಡಿದ ಹಾಗೆ ಧಡ್ ಧಡ್. ಮಾಲು ಹೇರಿಕೊಂಡು ಏರು ಹತ್ತುವಾಗ ಜಾಸ್ತಿ. ಬಿಸಿಯಾದ ಮೇಲೆ ಕಡಿಮೆ ಆಗುವ ಬದಲು ಹೆಚ್ಚುತ್ತದೆ, ಯಾಕೆಂದರೆ ಬಿಸಿ ಆಯಿಲ್ ತೆಳುವಾಗುತ್ತದೆ. ಜೊತೆಗೆ ಆಯಿಲ್ ದೀಪ ಮಿಣುಕಿದರಂತೂ ಅಲ್ಲೇ ಎಂಜಿನ್ ಬಂದ್ ಮಾಡಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿರಬಹುದು. "ಇಲ್ಲೇ ಊರು, ಐದು ಕಿಲೋಮೀಟರ್" ಅಂತ ಓಡಿಸಬೇಡಿ. ರಾಡ್ ಮುರಿದು ಬ್ಲಾಕ್ ಒಡೆದರೆ ಇಡೀ ಎಂಜಿನ್ನೇ ಹೋಯ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬನ್ನಿ. ಆಯಿಲ್ ಇಳಿಸುವಾಗ ನಾಲ್ಕು ಹನಿ ಬೆರಳ ಮೇಲೆ ತಗೊಂಡು ಬಿಸಿಲಿಗೆ ಹಿಡಿಯಿರಿ. ಮಿರಮಿರ ಮಿಂಚಿದರೆ ಅದು ಲೋಹದ ಪುಡಿ.

ಈ ಸಪ್ಪಳ ಅಡಗಿಸಲು ದಪ್ಪ ಆಯಿಲ್ ಹಾಕಿ ಮಾರುವವರೂ ಇದ್ದಾರೆ. ಗಾಡಿ ಮನೆಗೆ ಬಂದ ವಾರದಲ್ಲೇ, ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿಸಿ. ಎಂಜಿನ್‌ನ ನಿಜವಾದ ದನಿ ಆಗ ಕೇಳಿಸುತ್ತದೆ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹಳೆ ಟ್ರ್ಯಾಕ್ಟರಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ಪೈಪಿನ ನಟ್ ಒಂದೊಂದೇ ಸಡಿಲಿಸಿ, ಯಾವ ಸಿಲಿಂಡರ್‌ದು ಸಪ್ಪಳ ಅಂತ ಪತ್ತೆ ಹಚ್ಚುತ್ತಿದ್ದರು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಮಾಡಲೇಬೇಡಿ. ಆ ಪೈಪಿನೊಳಗೆ ಡೀಸೆಲ್ ಒತ್ತಡ 1000 ಬಾರ್ ದಾಟಬಹುದು. ಸೂಜಿಯಂತೆ ಚಿಮ್ಮಿ ಚರ್ಮದೊಳಗೆ ಹೊಕ್ಕುತ್ತದೆ. ಮೇಲೆ ಸಣ್ಣ ಚುಕ್ಕಿ ಕಾಣಬಹುದು, ಒಳಗೆ ಕೈಯೇ ಕೆಡಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ, ಆಗಿಂದಾಗಲೇ ದೊಡ್ಡ ಆಸ್ಪತ್ರೆಗೆ ಓಡಿ. ಇಂಜೆಕ್ಟರ್ ಮೇಲೆ ಅನುಮಾನ ಇದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ.

ನನ್ನ ಗಾಡಿಗೆ ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್ ಬಿದ್ದವು. ಹೆಡ್ ಇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಮರುದಿನ ನಸುಕಿನಲ್ಲಿ ಮತ್ತೆ ಅದೇ ಅಂಗಳದಲ್ಲಿ ಕೀಲಿ ತಿರುವಿದೆ. ಡೀಸೆಲ್ ಗಾಡಿಯ ಎಂದಿನ ಗಡಗಡ, ಅದರ ಮೇಲೆ ಏನೂ ಇಲ್ಲ. ಅವ್ವ ಕಸಬರಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಮಾತಿಲ್ಲದೆ ಗುಡಿಸುವುದಕ್ಕೆ ಬಗ್ಗಿದಳು. ನಾನು ತೊಗರಿ ಚೀಲ ಹೇರಲು ಹೊಲದ ಕಡೆ ಹೊರಟೆ.

ನಮಸ್ಕಾರ.