ನೀರು ಇಳಿದ ಮೇಲೆ ಓಣಿಯ ಕೆಲಸ

ಕೇಳುಗರೆ, ನಮಸ್ಕಾರ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ನದಿದಂಡೆಯ ಊರುಗಳು ಮುಳುಗಿದವು. ನೀರು ಏರುವಾಗ ದೋಣಿ ಬರುತ್ತದೆ, ಎನ್‌ಡಿಆರ್‌ಎಫ್‌ನವರು ಬರುತ್ತಾರೆ, ಟಿವಿಯವರೂ ಬರುತ್ತಾರೆ. ಇಳಿದ ಮರುದಿನದಿಂದ ಉಳಿಯುವವರು ಓಣಿಯವರೇ. ಆ ದಿನಗಳಲ್ಲಿ ಒಬ್ಬರಿಗೊಬ್ಬರು ಆಗುವುದು ಹೇಗೆ, ಆದವರ ಋಣ ತೀರಿಸುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಮೊದಲು ಗೋಡೆ ನೋಡಿ. ಆ ಭಾಗದ ಹಳೆಯ ಮನೆಗಳೆಂದರೆ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಇಂಥ ಮನೆ ನೀರಲ್ಲಿ ನಿಂತಾಗ ಬೀಳದೆ, ಇಳಿದು ಎರಡು ಮೂರು ದಿನಕ್ಕೆ ಬೀಳುವುದುಂಟು. ಸುತ್ತ ನಿಂತ ನೀರು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ಅದು ಹೋದಾಗ ನೆನೆದು ಮೆತ್ತಗಾದ ಬುಡದ ಮೇಲೆ ಮಾಳಿಗೆಯ ಭಾರವೆಲ್ಲ ಕೂರುತ್ತದೆ. ಮಳೆ ಕುಡಿದ ಮಾಳಿಗೆ ಮಣ್ಣಿನ ತೂಕವೂ ಹೆಚ್ಚಿರುತ್ತದೆ. ಬಾಗಿಲ ಚೌಕಟ್ಟು ಬಿಗಿದು ಬಾಗಿಲು ಸರಿಯದಿದ್ದರೆ, ಗೋಡೆಯ ಬುಡದಲ್ಲಿ ಮಣ್ಣು ಉದುರಿ ಟೊಳ್ಳಾಗಿದ್ದರೆ, ಜಂತಿಗಳ ಸಂದಿನಿಂದ ಮಣ್ಣು ಜಿನುಗುತ್ತಿದ್ದರೆ ಒಳಗೆ ಹೋಗಬೇಡಿ. ಒಳಗೆ ಟ್ರಂಕಿದೆ, ಅದರಲ್ಲಿ ಕಾಗದಪತ್ರ ಇದೆ ಎಂದು ಮನೆಯವರು ಅತ್ತರೂ ಹೋಗಬೇಡಿ. ತಡೆದು ನಿಲ್ಲಿಸುವುದು ಆಗ ನೆರೆಮನೆಯವರೇ ಮಾಡಬೇಕಾದ ಉಪಕಾರ, ಯಾಕೆಂದರೆ ಮನೆಯವರಿಗೆ ಆ ಹೊತ್ತಿನಲ್ಲಿ ಅಷ್ಟು ಗಟ್ಟಿ ಮನಸ್ಸು ಇರುವುದಿಲ್ಲ.

ಗೋಡೆ ಗಟ್ಟಿ ಇದ್ದರೂ ಮೀಟರ್ ಬೋರ್ಡು ನೆನೆದಿದ್ದರೆ ಮೇನ್ ಸ್ವಿಚ್ಚಿಗೆ ನೀವೇ ಕೈ ಹಾಕಬೇಡಿ. ಲೈನ್‌ಮನ್ ಬಂದು ಕಂಬದಲ್ಲೇ ಸಂಪರ್ಕ ತೆಗೆಯಲಿ. ವಿದ್ಯುತ್ ದೂರಿಗೆ 1912.

ಗುದ್ದಲಿ ಹಿಡಿಯುವ ಮುಂಚೆ ಫೋಟೋ. ಇದನ್ನು ಬಹಳ ಜನ ಮರೆಯುತ್ತಾರೆ. ನೆರವಿಗೆ ಬಂದ ಹುಡುಗರು ಉತ್ಸಾಹದಲ್ಲಿ ಮನೆ ತೊಳೆದು ಫಳಫಳ ಮಾಡುತ್ತಾರೆ, ನಾಲ್ಕು ದಿನ ಬಿಟ್ಟು ಪಂಚನಾಮೆಗೆ ಬಂದವರಿಗೆ ತೋರಿಸಲು ಹಾನಿಯೇ ಇರುವುದಿಲ್ಲ. ಮನೆಯ ನಾಲ್ಕೂ ಕಡೆ, ಪ್ರತಿ ಕೋಣೆ, ಗೋಡೆಯ ಮೇಲೆ ನೀರು ನಿಂತ ಗೆರೆ, ಹಾಳಾದ ಕಾಳುಕಡಿ, ಸತ್ತ ದನಕರು, ಎಲ್ಲದರ ಫೋಟೋ ಇರಲಿ, ಕೆಲವದರಲ್ಲಿ ಮನೆಯ ಯಜಮಾನರೂ ಇರಲಿ. 2019ರ ನೆರೆಯಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವಿತ್ತು. ಯಾವ ವರ್ಗಕ್ಕೆ ಸೇರುತ್ತದೆ ಎನ್ನುವುದರ ಮೇಲೆ ಒಂದು ಕುಟುಂಬದ ಮುಂದಿನ ವರ್ಷಗಳೇ ನಿಂತಿರುತ್ತವೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಹೋಗಿ ಫೋಟೋ ತೆಗೆದುಕೊಟ್ಟು, ಅರ್ಜಿ ಬರೆದುಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಟ್ಟರೆ ಒಂದು ಚೀಲ ಅಕ್ಕಿಗಿಂತ ದೊಡ್ಡ ನೆರವು.

ಆಮೇಲೆ ಕೆಸರು. ಎರೆಮಣ್ಣಿನ ಕೆಸರನ್ನು ಹಸಿ ಇರುವಾಗಲೇ ತಳ್ಳಬೇಕು. ಬಿಸಿಲಿಗೆ ಒಣಗಿತೋ, ಹಾರೆ ಬೇಕಾಗುತ್ತದೆ. ಒಳಕೋಣೆಯಿಂದ ಶುರುಮಾಡಿ ಬಾಗಿಲ ಕಡೆಗೆ ಎಳೆಯಿರಿ. ಅಗಲ ಹಲಗೆಗೆ ಉದ್ದ ಹಿಡಿ ಹೊಡೆದುಕೊಂಡರೆ ಗುದ್ದಲಿಗಿಂತ ಬೇಗ ಆಗುತ್ತದೆ. ತೆಗೆದ ಕೆಸರನ್ನು ಗಟಾರಕ್ಕೆ ಹಾಕಬೇಡಿ, ಮುಂದಿನ ಮಳೆಗೆ ಅದೇ ನೀರು ಕೆಳಗಿನ ಮನೆಗೆ ನುಗ್ಗುತ್ತದೆ. ಗಮ್‌ಬೂಟು, ಕೈಗವಸು ಬೇಕು. ಆ ಕೆಸರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಕಾಲಿನ ಸಣ್ಣ ಗಾಯದಿಂದ ಇಲಿಜ್ವರ ಅಂಟುತ್ತದೆ. ಕೆಸರಿನಲ್ಲಿ ದುಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಈಗ ಅಪರೂಪ, ಆದರೂ ಹೇಳಬೇಕು. ಒಳಗೆ ನೀರು ಹೊಕ್ಕು ಜೋಳ ಹುಳಿತಿದ್ದರೆ ಅಲ್ಲಿ ವಿಷಗಾಳಿ ತುಂಬಿರುತ್ತದೆ. ಇಳಿದವನು ಬಿದ್ದ, ಎತ್ತಲು ಇಳಿದವನೂ ಬಿದ್ದ ಎನ್ನುವ ಅನಾಹುತ ಆಗುವುದೇ ಹೀಗೆ. ಬೂಷ್ಟು ಹಿಡಿದ ಆ ಜೋಳವನ್ನು ದನಕ್ಕೂ ಹಾಕುವಂತಿಲ್ಲ.

ಬಾವಿಯ ವಿಷಯಕ್ಕೆ ಸ್ವಲ್ಪ ಲೆಕ್ಕ ಬೇಕು, ಪೆನ್ನು ಹಿಡಿದುಕೊಳ್ಳಿ. ಬಾವಿಯ ಅಡ್ಡಳತೆ ಮೀಟರಿನಲ್ಲಿ ಎಷ್ಟೋ ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಅಷ್ಟು ಲೀಟರ್ ನೀರು. 2 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 12,500 ಲೀಟರ್. ತಿಳಿನೀರಿಗೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ ಈ ಬಾವಿಗೆ 31 ಗ್ರಾಂ. ನೆರೆನೀರು ಹೊಕ್ಕ ಬಾವಿಗೆ ಇಷ್ಟು ಸಾಲದು. ರಾಡಿಯೇ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಅದಕ್ಕೇ ಮೊದಲು ನೀರು ಎತ್ತಿಹಾಕಿ, ಗೋಡೆ ಉಜ್ಜಿ, ಹೊಸ ನೀರು ತಿಳಿಯಾಗಲು ಬಿಡಬೇಕು. ಒಂದೇ ಉಸಿರಿಗೆ ಬರಿದು ಮಾಡಬೇಡಿ, ಸುತ್ತಲ ಹಸಿ ಮಣ್ಣು ಒತ್ತಿ ಗೋಡೆ ಕುಸಿಯುತ್ತದೆ. ಡೀಸೆಲ್ ಎಂಜಿನ್ ಬಾವಿಯೊಳಗೆ ಇಳಿಸುವುದಂತೂ ಬೇಡವೇ ಬೇಡ. ಅದರ ಹೊಗೆ ಆಳಿನ ಜೀವ ತೆಗೆಯುತ್ತದೆ.

ಪುಡಿಯನ್ನು ನೇರ ಬಾವಿಗೆ ಸುರಿಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಬೆರೆಸಿ. ಒಂದು ತಾಸಿನ ಮೇಲೆ ಆರೋಗ್ಯ ಇಲಾಖೆಯವರ ಹತ್ತಿರವಿರುವ ಕ್ಲೋರೋಸ್ಕೋಪ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ತೋರಬೇಕು. ತೋರದಿದ್ದರೆ ಮತ್ತೆ ಹಾಕಬೇಕು. ಘಾಟು ಹೋದ ಹಳೆಯ ಪುಡಿ ಬರೀ ಸುಣ್ಣ, ಅದರಿಂದ ಪ್ರಯೋಜನವಿಲ್ಲ.

ದೂರದ ಊರಿನಿಂದ ಕಳಿಸುವವರಿಗೆ ಒಂದು ಮಾತು: ಹಳೆ ಬಟ್ಟೆ ಕಳಿಸುವುದು ಸಾಕುಮಾಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿ. ಒಲೆ ಹೊತ್ತದ ಮನೆಯಲ್ಲಿ ಊಟವಾಗುತ್ತದೆ. ರೊಟ್ಟಿ ಪೂರ್ತಿ ಆರಿದ ಮೇಲೆ ಕಟ್ಟಿ, ಬಿಸಿ ಬಿಸಿ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಷ್ಟು. ದನಗಳ ಮೇವಿನ ಬಗ್ಗೆ ಕೇಳುವವರೇ ಇರುವುದಿಲ್ಲ, ಅದನ್ನೂ ಕಳಿಸಿ. ಒಂದು ಎತ್ತಿಗೆ ದಿನಕ್ಕೆ ಆರೇಳು ಕೆಜಿ ಕಣಿಕಿ, ಅಂದರೆ ಜೋಳದ ಒಣ ದಂಟಾದರೂ ಬೇಕು. ಲಾರಿ ರಸ್ತೆ ಬದಿಯ ಊರಿನಲ್ಲೇ ಖಾಲಿಯಾಗದೆ ಒಳಗಿನ ಊರಿಗೂ ಹೋಗಲಿ.

ಇನ್ನು ಋಣದ ಮಾತು. ಬಂದವರಿಗೆಲ್ಲ ಶಾಲು, ಹಾರ, ವೇದಿಕೆ ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆ ಖರ್ಚನ್ನು ಹೊರುವವರು ಮನೆ ಕಳೆದುಕೊಂಡವರೇ. ನೆರವು ಪಡೆದವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದು ಅದಕ್ಕಿಂತ ಕೆಟ್ಟದ್ದು. ಗುಡಿಯ ಗೋಡೆಗೆ ಒಂದು ಹಾಳೆ ಅಂಟಿಸಿ: ಪಂಪು ಯಾರದು, ಎಷ್ಟು ಡೀಸೆಲ್ ಸುಟ್ಟಿತು, ಪಾತ್ರೆಗಳು ಯಾವ ಊರಿನವು, ಯಾರ ಮನೆಗೆ ಯಾರು ಎಷ್ಟು ಆಳು ದುಡಿದರು. ಈ ಹಾಳೆಯಲ್ಲಿ ಇನ್ನೊಂದೂ ಗೊತ್ತಾಗುತ್ತದೆ. ತಿರುಗಿ ಆಳು ಕೊಡಲಾಗದ ಮುದುಕಿ, ಬಾಣಂತಿ, ಬಾಡಿಗೆಮನೆಯ ಕೂಲಿಕಾರ, ಇವರ ಹೆಸರಿನ ಮುಂದೆ ಜಾಗ ಖಾಲಿ ಇರುತ್ತದೆ. ಮರುದಿನದ ಗುಂಪು ಮೊದಲು ಅಲ್ಲಿಗೆ ಹೋಗಲಿ.

ಪಂಪು ಹಿಂದಿರುಗಿಸುವಾಗ ಪೈಪಿನ ಕೆಸರು ತೊಳೆದು, ಫುಟ್‌ವಾಲ್ವ್ ಬಿಚ್ಚಿ ಕಸ ತೆಗೆದು, ಆಯಿಲ್ ಬದಲಿಸಿ, ಟ್ಯಾಂಕು ತುಂಬಿಸಿ ಕೊಡಿ. ಬಂದವರು ಬಹುಪಾಲು ರೈತರೇ. ಹಿಂಗಾರಿ ಬಿತ್ತನೆಗೆ ಎಷ್ಟು ಆಳು ಬೇಕು, ಯಾವತ್ತು ಬರಬೇಕು ಎಂದು ಪಂಪು ಇಳಿಸುವಾಗಲೇ ಕೇಳಿ ಬರೆದುಕೊಳ್ಳಿ. ಮುಯ್ಯಾಳು, ಅಂದರೆ ದುಡಿಮೆಗೆ ಪ್ರತಿಯಾಗಿ ದುಡಿಯಲು, ಹೋಗುವ ದಿನ ಬುತ್ತಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ನಮಸ್ಕಾರ.