ಸಿಲಬಸ್ ಬದಲಾಯಿತು, ಪಾಠ ಮಾಡುವವರನ್ನು ಕೇಳಿದವರಿಲ್ಲ

ನಮಸ್ಕಾರ. ನಿನ್ನೆ ಫೋನಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ 2024ರ ಒಂದು ಫೋಟೊ ಕಣ್ಣಿಗೆ ಬಿತ್ತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡು. ಅದರಲ್ಲಿ ಪಕ್ಕಪಕ್ಕ ಎರಡು ಟೈಮ್‌ಟೇಬಲ್. ಒಂದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಎನ್‌ಇಪಿ ಅಂತ ಬರೆದಿದೆ, ಇನ್ನೊಂದರ ಮೇಲೆ ನೀಲಿಯಲ್ಲಿ ಎಸ್‌ಇಪಿ. ಎನ್‌ಇಪಿ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಎಸ್‌ಇಪಿ ಅಂದರೆ ರಾಜ್ಯ ಶಿಕ್ಷಣ ನೀತಿ. ಕೆಂಪು ಎರಡನೇ ಮತ್ತು ಮೂರನೇ ವರ್ಷದವರಿಗೆ. ನೀಲಿ ಹೊಸದಾಗಿ ಬಂದವರಿಗೆ. ಬಿಎಗೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ ಕೆಂಪು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಸರ್, ನಾವು ಯಾವುದು?" ಅಂತ ಕೇಳಿದಳು.

"ನೀಲಿದು ನೋಡಮ್ಮ" ಅಂದೆ. ಅವಳು ಹೋದಳು. ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ನಾನೊಬ್ಬ ಅತಿಥಿ ಉಪನ್ಯಾಸಕ. ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ. ರಾಜ್ಯದಲ್ಲಿ ಇಂಥ ಕಾಲೇಜುಗಳು ಸುಮಾರು 430 ಇವೆ. ಅದರಲ್ಲಿ ಯಾವುದು ಅಂದುಕೊಂಡರೂ ಕಥೆ ಜಾಸ್ತಿ ಬದಲಾಗುವುದಿಲ್ಲ.

ಲೆಕ್ಕ ನೋಡಿ. 2020ರಲ್ಲಿ ಬಿಎ ಸೇರಿದವರು ಹಳೆಯ ಸಿಬಿಸಿಎಸ್, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಸಿಲಬಸ್ ಓದಿದರು. 2021, 2022, 2023ರಲ್ಲಿ ಸೇರಿದವರಿಗೆ ಎನ್‌ಇಪಿ. 2024ರಲ್ಲಿ ಸೇರಿದವರಿಗೆ ಎಸ್‌ಇಪಿ ಹೆಸರಿನಲ್ಲಿ ಇನ್ನೊಂದು. ಐದು ವರ್ಷದ ಅಡ್ಮಿಷನ್‌ಗೆ ಮೂರು ಸಿಲಬಸ್. ಒಂದೇ ಮನೆಯ ಅಕ್ಕನಿಗೊಂದು, ತಂಗಿಗೊಂದು, ತಮ್ಮನಿಗೆ ಮತ್ತೊಂದು. ನಮ್ಮ ಕಡೆ ಅಕ್ಕನ ನೋಟ್ಸ್ ಅಂದರೆ ತಂಗಿಗೆ ಆಸ್ತಿ ಇದ್ದಂತೆ. ಹೊಸ ಪುಸ್ತಕ ಕೊಳ್ಳಲು ದುಡ್ಡಿಲ್ಲದ ಮನೆಯಲ್ಲಿ ಆ ಇನ್ನೂರು ಪುಟದ ಲಾಂಗ್ ಬುಕ್ಕೇ ಲೈಬ್ರರಿ. ಆ ಆಸ್ತಿ ಎರಡು ಸಲ ರದ್ದಿಗೆ ಹೋಯಿತು.

ಎನ್‌ಇಪಿ ಕೆಟ್ಟದ್ದು, ಎಸ್‌ಇಪಿ ಒಳ್ಳೆಯದು ಅಂತಾಗಲಿ, ಅದರ ಉಲ್ಟಾ ಆಗಲಿ ಹೇಳೋಕೆ ನಾನು ಈ ವಿಡಿಯೊ ಮಾಡುತ್ತಿಲ್ಲ. ಎರಡೂ ಪಕ್ಷದವರು ಅದನ್ನು ಬೇಕಾದಷ್ಟು ಹೇಳಿದ್ದಾರೆ. ಎರಡನ್ನೂ ಕ್ಲಾಸಿನಲ್ಲಿ ನಿಂತು ಕಲಿಸಿದವನಾಗಿ ಕಂಡದ್ದನ್ನು ಹೇಳುತ್ತೇನೆ.

ಎನ್‌ಇಪಿ ಬರುವ ಮೊದಲು ಬಿಎ ಅಂದರೆ ಮೂರು ಐಚ್ಛಿಕ ವಿಷಯ. ಹೆಚ್‌ಇಪಿ ಅಂದರೆ ಎಲ್ಲರಿಗೂ ಗೊತ್ತು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎನ್‌ಇಪಿಯಲ್ಲಿ ಮೂರು ಹೋಗಿ ಎರಡಾಯಿತು. ಜೊತೆಗೆ ಓಪನ್ ಎಲೆಕ್ಟಿವ್ ಬಂತು, ನಾವು ಓಇ ಅನ್ನುತ್ತೇವೆ. ಬೇರೆ ವಿಭಾಗದ ಒಂದು ವಿಷಯವನ್ನೂ ವಿದ್ಯಾರ್ಥಿ ಓದಬೇಕು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್.

ಈ ಓಇ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಸೆಮಿಸ್ಟರ್‌ನಲ್ಲಿ ಇತಿಹಾಸದ ಓಇಗೆ ಬಿಕಾಂ ಹುಡುಗರು ಬಂದರು. ಅರ್ಧ ಜನ ಬೇರೆಲ್ಲೂ ಸೀಟು ಸಿಗದೆ ಬಂದವರು, ಮುಖದಲ್ಲೇ ಗೊತ್ತಾಗುತ್ತಿತ್ತು. ಮೂರನೇ ವಾರ ಅವರಲ್ಲೊಬ್ಬ ಕ್ಲಾಸ್ ಮುಗಿದ ಮೇಲೆ ಮೊಬೈಲ್ ಹಿಡಿದುಕೊಂಡು ಬಂದ. ಅವರ ಹೊಲದ ಬದುವಿನಲ್ಲಿ ಒರಗಿಸಿದ್ದ ಒಂದು ಕಲ್ಲಿನ ಫೋಟೊ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಸುತ್ತ ಹಸುಗಳು. ನಡುವಿನದರಲ್ಲಿ ಅವನನ್ನು ಇಬ್ಬರು ಹೆಂಗಸರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. "ಇದಕ್ಕೆ ನಮ್ಮಜ್ಜಿ ದಿನಾ ಎಣ್ಣೆ ಹಾಕ್ತಾರೆ ಸರ್, ದೇವರು ಅಂತ." ಅದು ತುರುಗಾಳಗದ ವೀರಗಲ್ಲು. ಊರಿನ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನ ಕಲ್ಲು. ಮಾರನೇ ದಿನ ಸಿಲಬಸ್ ಪಕ್ಕಕ್ಕಿಟ್ಟು ಆ ಫೋಟೊ ಇಟ್ಟುಕೊಂಡೇ ಪಾಠ ಮಾಡಿದೆ. ಮುಂದಿನ ವಾರ ಇನ್ನೂ ನಾಲ್ಕು ಊರಿನ ಕಲ್ಲುಗಳ ಫೋಟೊ ಬಂದವು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ವಾರ ನನಗೆ ನೆನಪಿಲ್ಲ.

ಅದೇ ಎನ್‌ಇಪಿಯಲ್ಲೇ ಡಿಜಿಟಲ್ ಫ್ಲುಯೆನ್ಸಿ ಅಂತ ಒಂದು ಪೇಪರ್ ಇತ್ತು. ಕೃತಕ ಬುದ್ಧಿಮತ್ತೆ, ಕ್ಲೌಡ್, ಇಂಥವೆಲ್ಲ. ನಮ್ಮಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಆರು. ಕರೆಂಟ್ ಇದ್ದರೆ ಆರು. ನಮ್ಮ ಸಹೋದ್ಯೋಗಿಯೊಬ್ಬರು ಕರಿಹಲಗೆಯ ಮೇಲೆ ಮೋಡದ ಚಿತ್ರ ಬರೆದು ಕ್ಲೌಡ್ ಅಂದರೇನು ಅಂತ ವಿವರಿಸಿದರು. ಅವರ ತಪ್ಪೇನೂ ಇಲ್ಲ. ಆ ಪೇಪರನ್ನು ಸೇರಿಸುವಾಗ "ನಿಮ್ಮಲ್ಲಿ ಎಷ್ಟು ಕಂಪ್ಯೂಟರ್ ಇವೆ?" ಅಂತ ಯಾರಾದರೂ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ?

ಹೀಗೆ ಒಂದೇ ಸಿಲಬಸ್‌ನಲ್ಲಿ ಚಿನ್ನವೂ ಇತ್ತು, ಹೊಟ್ಟೂ ಇತ್ತು. ಯಾವುದು ಯಾವುದು ಅಂತ ಗೊತ್ತಿದ್ದದ್ದು ಕ್ಲಾಸಿನಲ್ಲಿ ಇದ್ದವರಿಗೆ. 2023ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ರೂಪಿಸಲು ಆಯೋಗ ರಚನೆಯಾಯಿತು. 2024ರ ಮೇ ತಿಂಗಳಲ್ಲಿ ಆದೇಶ ಬಂತು: ನಾಲ್ಕು ವರ್ಷದ ಪದವಿ ಇಲ್ಲ, ಮತ್ತೆ ಮೂರು ವರ್ಷ. ಬಡ ಮನೆಯ ಮಕ್ಕಳಿಗೆ ನಾಲ್ಕನೇ ವರ್ಷ ಹೊರೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಹುಡುಗಿಯರ ವಿಷಯದಲ್ಲಂತೂ ಮೂರು ವರ್ಷ ಓದಿಸಲು ಅಪ್ಪಂದಿರನ್ನು ಒಪ್ಪಿಸುವುದೇ ಸಾಹಸ.

ಆದರೆ ಎರಡು ಆದೇಶಗಳ ತಾರೀಖು ನೋಡಿ. ಎನ್‌ಇಪಿ ಆದೇಶ 2021ರ ಆಗಸ್ಟ್‌ನಲ್ಲಿ, ಜಾರಿ ಅದೇ ಸಾಲಿನ ಮಕ್ಕಳಿಗೆ. ಎಸ್‌ಇಪಿ ಆದೇಶ 2024ರ ಮೇನಲ್ಲಿ, ಜಾರಿ ಅದೇ ಸಾಲಿನ ಮಕ್ಕಳಿಗೆ. ಆಯೋಗದ ಅಂತಿಮ ವರದಿ ಮುಖ್ಯಮಂತ್ರಿಗಳ ಕೈಸೇರಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ನೀಲಿ ಟೈಮ್‌ಟೇಬಲ್‌ನ ಹುಡುಗಿ ಮೊದಲ ವರ್ಷ ಮುಗಿಸಿದ್ದಳು. ಎರಡು ಸರ್ಕಾರ ಏನನ್ನೂ ಒಪ್ಪದಿದ್ದರೂ ಈ ಅವಸರವನ್ನು ಮಾತ್ರ ಒಪ್ಪಿಕೊಂಡವು. ಎನ್‌ಇಪಿಯ ಮೊದಲ ಬ್ಯಾಚ್ ಮೂರು ವರ್ಷ ಮುಗಿಸಿ ಹೊರಗೆ ಬರುವ ಮೊದಲೇ ಅದನ್ನು ತೆಗೆದದ್ದಾಯಿತು. ಓಇ ಕೆಲಸ ಮಾಡಿತಾ, ಮಕ್ಕಳು ಏನು ಕಲಿತರು ಅಂತ ನಮ್ಮ ಕಾಲೇಜಿಗೆ ಬಂದು ಯಾರೂ ಕೇಳಲಿಲ್ಲ. ಸಮಾಲೋಚನೆಗಳೇ ನಡೆಯಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅವು ನಮ್ಮ ಸ್ಟಾಫ್ ರೂಮಿನವರೆಗೆ ಬರಲಿಲ್ಲ ಅಂತ ಹೇಳುತ್ತಿದ್ದೇನೆ.

ಯಾಕೆ ಬರುವುದಿಲ್ಲ? ಇದು ಆಡಳಿತದ ಪ್ರಶ್ನೆ. ಸಿಲಬಸ್ ಮಾಡುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಬಿಒಎಸ್. ಎನ್‌ಇಪಿ ಕಾಲದಲ್ಲಂತೂ ಮಾದರಿ ಪಠ್ಯಕ್ರಮ ಬಂದದ್ದು ಇನ್ನೂ ಮೇಲಿನಿಂದ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನಿಂದ. ಕಾಲೇಜಿನಲ್ಲಿ ಪ್ರಾಂಶುಪಾಲರು ಇರುತ್ತಾರೆ. ವರ್ಷಗಟ್ಟಲೆ ಬಹಳ ಕಾಲೇಜುಗಳಲ್ಲಿ ಅವರ ಹೆಸರಿನ ಹಿಂದೆ 'ಪ್ರಭಾರ' ಅಂತ ಇರುತ್ತಿತ್ತು. ಇವತ್ತು ಇದ್ದಾರೆ, ನಾಳೆ ಗೊತ್ತಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿ ಅಂತ ಒಂದಿದೆ, ಅದಕ್ಕೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಕಾಂಪೌಂಡ್, ಶೌಚಾಲಯ, ಬೆಂಚು, ಇವೆಲ್ಲ ಅಲ್ಲಿ ಆಗುತ್ತವೆ, ಆಗಲೇಬೇಕು. ಆದರೆ ಇತಿಹಾಸದ ಯಾವ ಪೇಪರ್ ಇರಬೇಕು ಅನ್ನುವ ಮಾತು ಅಲ್ಲಿಗೆ ಬರುವುದಿಲ್ಲ. ಬಿಒಎಸ್‌ನಲ್ಲಿ ನಮ್ಮಂಥವರನ್ನು ನಾನಂತೂ ಕಂಡಿಲ್ಲ.

ನಮ್ಮಂಥವರು ಅಂದರೆ ಎಷ್ಟು ಜನ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ನಮ್ಮ ಕೆಲಸ ನಿಂತಿರುವುದು ವರ್ಕ್‌ಲೋಡ್ ಮೇಲೆ. ಐಚ್ಛಿಕ ವಿಷಯ ಮೂರರಿಂದ ಎರಡಾದರೆ ವಾರದ ಗಂಟೆ ಕಡಿಮೆ. ಗಂಟೆ ಕಡಿಮೆಯಾದರೆ ಒಬ್ಬರು ಮನೆಗೆ. ಹಾಗಾಗಿ ಹೊಸ ಸಿಲಬಸ್ ಬಂತು ಅಂದರೆ ಸ್ಟಾಫ್ ರೂಮಿನಲ್ಲಿ ಮೊದಲು ತೆರೆಯುವುದು ಕೊನೆಯ ಪುಟದ ಕೋಷ್ಟಕ: ವಾರಕ್ಕೆ ಎಷ್ಟು ಗಂಟೆ? ಪಾಠ ಏನಿದೆ ಅಂತ ನೋಡುವುದು ಆಮೇಲೆ. ನಾನೂ ಹಾಗೇ ಮಾಡಿದ್ದೇನೆ. ಮನೆ ಬಾಡಿಗೆ ಕಟ್ಟಬೇಕಾದವನು ಹಾಗೇ ಮಾಡುತ್ತಾನೆ. ಆದರೆ ಇದರಿಂದ ಆಗುವ ನಷ್ಟ ದೊಡ್ಡದು. ಮಕ್ಕಳು ಏನು ಓದಬೇಕು ಅನ್ನುವ ಮಾತು ಯಾರ ಹೊಟ್ಟೆಗೆ ಎಷ್ಟು ಅನ್ನುವ ಮಾತಾಗಿ ಮುಗಿದುಹೋಗುತ್ತದೆ.

ನಮ್ಮ ನಾಡಿನಲ್ಲಿ ಇದು ಯಾವಾಗಲೂ ಹೀಗೇ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂಎ ಶುರುವಾದದ್ದು 1927ರಲ್ಲಿ. ಅದಕ್ಕಾಗಿ ದುಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಬಿ.ಎಂ. ಶ್ರೀಕಂಠಯ್ಯನವರು. ಅವರು ಪಾಠ ಮಾಡುತ್ತಿದ್ದದ್ದು ಇಂಗ್ಲಿಷ್. ಆಮೇಲೆ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕುವೆಂಪು ಅದೇ ಕಾಲೇಜಿನ ಪ್ರಾಂಶುಪಾಲರಾಗಿ, 1956ರಲ್ಲಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಕಾಲ ಬೇರೆ, ಕಾಲೇಜುಗಳು ಕೆಲವೇ ಇದ್ದವು, ಒಪ್ಪುತ್ತೇನೆ. ಆದರೂ ಸೀಮೆಸುಣ್ಣ ಹಿಡಿದವರ ಮಾತಿಗೆ ಒಂದು ಕೋರ್ಸನ್ನೇ ಹುಟ್ಟಿಸುವ ಬೆಲೆ ಇತ್ತು.

ನಾನು ಕೇಳುವುದು ಅಷ್ಟು ದೊಡ್ಡದೂ ಅಲ್ಲ. ಆದೇಶ ಬಂದ ವರ್ಷವೇ ಜಾರಿ ಮಾಡಬೇಡಿ. ಒಂದು ವರ್ಷ ಬಿಡಿ, ಪುಸ್ತಕ ಬರಲಿ, ನಾವು ಓದಿಕೊಳ್ಳೋಣ. ಒಂದು ಬ್ಯಾಚಾದರೂ ಪೂರ್ತಿ ಹೊರಗೆ ಬರುವವರೆಗೆ ಯಾವ ಸಿಲಬಸ್ಸನ್ನೂ ಕಿತ್ತುಹಾಕಬೇಡಿ. ಬಿಒಎಸ್‌ಗೆ ತಾಲ್ಲೂಕು ಕಾಲೇಜಿನಿಂದ ಜನ ಬರಲಿ, ಅತಿಥಿ ಉಪನ್ಯಾಸಕರೂ ಬರಲಿ, ಹಿಂದಿನ ವರ್ಷ ಪಾಸಾದ ಇಬ್ಬರು ವಿದ್ಯಾರ್ಥಿಗಳೂ ಬರಲಿ. ಮತ್ತೆ ಒಂದಿಷ್ಟು ಜಾಗ, ಒಂದೇ ಒಂದು ಪೇಪರ್ ಸಾಕು, ಆಯಾ ಕಾಲೇಜಿಗೇ ಬಿಡಿ. ನಮ್ಮ ತಾಲ್ಲೂಕಿನ ಕೆರೆ, ಶಾಸನ, ವೀರಗಲ್ಲು, ಸಂತೆ ಇವನ್ನು ಬೆಂಗಳೂರಿನಲ್ಲಿ ಕೂತ ಸಮಿತಿ ಬರೆದುಕೊಡಲು ಆಗುವುದಿಲ್ಲ. ಸ್ವಾಯತ್ತ ಕಾಲೇಜುಗಳಿಗೆ ಈ ಸ್ವಾತಂತ್ರ್ಯ ಇದೆ. ನಮಗೆ ಅದರ ಒಂದು ಚೂರು ಕೊಡಿ.

ಕಳೆದ ವರ್ಷ ಕೊನೆಯ ಸೆಮಿಸ್ಟರ್‌ನ ಕೊನೆಯ ಕ್ಲಾಸಿನಲ್ಲಿ ಹುಡುಗರ ಕೈಗೆ ಒಂದೊಂದು ಬಿಳಿ ಹಾಳೆ ಕೊಟ್ಟೆ. ಯಾವ ಪಾಠ ಉಳಿಯಬೇಕು, ಯಾವುದು ಹೋಗಬೇಕು, ಬರೆಯಿರಿ, ಹೆಸರು ಬೇಡ ಅಂದೆ. ಮೂವತ್ತೊಂದು ಹಾಳೆ ಬಂದವು. ಒಬ್ಬರು "ಕಾಂಪಿಟೇಟಿವ್ ಎಕ್ಸಾಮಿಗೆ ಬರೋದು ಜಾಸ್ತಿ ಬೇಕು" ಅಂತ ಬರೆದಿದ್ದಾರೆ. ಹನ್ನೊಂದು ಹಾಳೆಯಲ್ಲಿ ಸ್ಥಳೀಯ ಇತಿಹಾಸ ಬೇಕು ಅಂತ ಇದೆ. ಒಂದು ಹಾಳೆಯಲ್ಲಿ ಬರೀ ಒಂದು ಸಾಲು: "ಸರ್, ನಮ್ಮನ್ನ ಇದೇ ಮೊದಲು ಯಾರೋ ಕೇಳಿದ್ದು."

ಆ ಮೂವತ್ತೊಂದು ಹಾಳೆ ನನ್ನ ಮೇಜಿನ ಮೇಲಿನ ಹಸಿರು ಫೈಲಿನಲ್ಲಿವೆ. ಪ್ರಾಂಶುಪಾಲರಿಗೆ ತೋರಿಸಿದೆ. ಓದಿದರು, ಚೆನ್ನಾಗಿದೆ ಅಂದರು, "ಆದರೆ ಇದನ್ನ ಎಲ್ಲಿಗೆ ಕಳಿಸೋದು ಹೇಳಿ" ಅಂತ ವಾಪಸ್ ಕೊಟ್ಟರು. ಈ ವಿಡಿಯೊ ನೋಡುತ್ತಿರುವವರಲ್ಲಿ ಬಿಒಎಸ್ ಸದಸ್ಯರು ಯಾರಾದರೂ ಇದ್ದರೆ ಕೆಳಗೆ ಒಂದು ಮಾತು ಬರೆಯಿರಿ. ಹಾಳೆಗಳನ್ನು ನಾನೇ ತಂದುಕೊಡುತ್ತೇನೆ.