ಬಿದಿರು ಗಳದ ತುದಿಯ ಕೊಕ್ಕೆ

ಕೇಳುಗರೇ, ನಮಸ್ಕಾರ.

ನಮ್ಮ ಕೋಲಾರಕ್ಕೂ ಕರೆಂಟಿಗೂ ಹಳೇ ನಂಟು. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಕೆಜಿಎಫ್ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ.

ಈಗ ಅದೇ ಜಿಲ್ಲೆಯ ತೋಟಗಳಲ್ಲಿ ಒಂದು ನೋಟ. ಉದ್ದನೆಯ ಬಿದಿರು ಗಳ, ತುದಿಗೆ ಸಿಪ್ಪೆ ಸುಲಿದ ವೈರಿನ ಕೊಕ್ಕೆ. ತ್ರೀ ಫೇಸ್ ಬಂದ ಕೂಡಲೇ ಲೈನಿಗೆ ತಗುಲಿಸೋದು, ಹೋದ ಮೇಲೆ ಇಳಿಸಿ ಹೊಂಗೆ ಮರಕ್ಕೆ ಒರಗಿಸೋದು. ಇದನ್ನು ಕಳ್ಳತನ ಅಂತ ಊರಲ್ಲಿ ಯಾರೂ ಕರೆಯುವುದಿಲ್ಲ. "ಸುಮ್ನೆ ಕೊಕ್ಕೆ ಹಾಕಿದ್ದೀವಿ" ಅನ್ನುತ್ತಾರೆ, ಅಷ್ಟೆ.

ಎರಡು ಬೇಸಿಗೆ ಹಿಂದೆ ನಮ್ಮ ಕಡೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಲೆಕ್ಕಕ್ಕೆ ಎಂಟು ಮೋಟರು, ಓಡುತ್ತಿದ್ದದ್ದು ಹನ್ನೊಂದು. ಬೇರೆ ಟಿಸಿ ಬರುವಷ್ಟರಲ್ಲಿ ಕಾಯಿ ಕಟ್ಟಿದ್ದ ಟೊಮೆಟೊ ಗಿಡ ಜೋತುಬಿದ್ದವು. ಕದ್ದದ್ದು ಸರ್ಕಾರದ್ದು ಅಂದುಕೊಳ್ಳುತ್ತೇವೆ, ಒಣಗಿದ್ದು ಪಕ್ಕದವನ ತೋಟ. ಆ ಮೂವರು ಯಾರು ಅಂತ ನನಗೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಒಬ್ಬ ನನ್ನ ಭಾವಮೈದ.

ಕಾನೂನು ಇದನ್ನು ಸಣ್ಣದು ಅನ್ನುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಕೊಕ್ಕೆ ಹಾಕಿದರೂ, ಮೀಟರ್ ತಿರುಚಿದರೂ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಲೋಡ್ 10 ಕಿಲೋವ್ಯಾಟ್ ಮೀರದಿದ್ದರೆ ಮೊದಲ ಸಲದ ದಂಡ ಕದ್ದು ಉಳಿಸಿದ್ದರ ಮೂರು ಪಟ್ಟಾದರೂ ಇರಬೇಕು, ಎರಡನೇ ಸಲ ಆರು ಪಟ್ಟು. ದುಡ್ಡು ಕಟ್ಟಿ ರಾಜಿ ಆಗೋಕೂ ದಾರಿಯಿದೆ, ಆದರೆ ಜೀವಮಾನಕ್ಕೆ ಒಂದೇ ಸಲ. ಕೊಕ್ಕೆಗೆ ಕೈಜೋಡಿಸಿದ ಇಲಾಖೆಯ ನೌಕರನಿಗೂ ಶಿಕ್ಷೆ ಇದೆ. ಇದನ್ನು ನಾವು ಜಾಸ್ತಿ ಕೇಳಿರುವುದಿಲ್ಲ, ಅಲ್ವಾ?

ಇಲಾಖೆಗೂ ಕಟ್ಟುಪಾಡು ಉಂಟು. ಕಳ್ಳತನ ಅಂತ ಲೈನ್ ಕತ್ತರಿಸಿದರೆ 24 ಗಂಟೆಯೊಳಗೆ ಪೊಲೀಸರಿಗೆ ಬರೆದು ದೂರು ಕೊಡಬೇಕು. ಇಲಾಖೆ ಹಾಕಿದ ಮೊತ್ತ ಕಟ್ಟಿದರೆ 48 ಗಂಟೆಯೊಳಗೆ ಕರೆಂಟು ವಾಪಸ್ ಕೊಡಬೇಕು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಪುಕ್ಕಟೆ. ಮತ್ತೆ ಕೊಕ್ಕೆ ಯಾಕೆ? ಆರ್‌ಆರ್ ನಂಬರ್, ಅಂದರೆ ಲೆಕ್ಕಕ್ಕೆ ಸೇರಿದ ಸಂಪರ್ಕದ ನಂಬರ್, ಬೇಕಂದರೆ ಡಿಪಾಸಿಟ್ ಕಟ್ಟಬೇಕು, ಆಫೀಸಿಗೆ ಅಲೆಯಬೇಕು. ಸಾವಿರ ಅಡಿ ಕೊರೆಸಿ ಕೈ ಖಾಲಿಯಾದವನಿಗೆ ಅದೇ ಭಾರ. ಅದಕ್ಕೇ ಸರ್ಕಾರ ಅಕ್ರಮ ಸಕ್ರಮ ಅಂತ ತಂದದ್ದು, ದುಡ್ಡು ಕಟ್ಟಿಸಿಕೊಂಡು ಕೊಕ್ಕೆ ಹಾಕಿದವರ ಸಂಪರ್ಕ ಸಕ್ರಮ ಮಾಡೋ ಯೋಜನೆ. ಜೈಲಿಗಿಂತ ಅದೇ ಜಾಣತನ ಅಂತ ನನಗನ್ನಿಸುತ್ತದೆ.

ಭಾವಮೈದನೂ ದುಡ್ಡು ಕಟ್ಟಿದ್ದಾನೆ. ಕಂಬ ಇನ್ನೂ ಬಂದಿಲ್ಲ. ಹೊಸ ಟಿಸಿ ಮೇಲೆ ಈಗ ಎಷ್ಟು ಮೋಟರು ಅಂತ ನಾನು ಎಣಿಸೋಕೆ ಹೋಗಿಲ್ಲ.